ಮುಂದೆ ಹೋಗೋಣವಾ?

ಭಾನುವಾರ, ಬೆಳಿಗ್ಗೆ

ಕಿವಿರಾಣಿಯವರ ಸನ್ನಿಧಾನಕ್ಕೆ ನಿನ್ನ ಬಾಯಿಬಡುಕಿಯ ನಮಸ್ಕಾರ ಮತ್ತು ಜಗಳ.

ನಮಸ್ಕಾರ ಇಲ್ಲಿಗೆ ಮುಗೀತು. ಇನ್ನು ಉಳಿದಿರೋದು ಜಗಳ.

ಬೇಕು ಅಂತಲೇ ಈ ಕಾಗದನ ಕೈಯಲ್ಲಿ ಬರೀತಿದ್ದೀನಿ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಅಂತ ಹಾಸ್ಟೆಲಿನಲ್ಲಿ ಎಲ್ಲರೂ ಆಡಿಕೊಳ್ತಿದ್ದರಲ್ಲ, ಕಣ್ಣು ಕಾಣದ ನಿನ್ನೊಬ್ಬಳಿಗೆ ಮಾತ್ರ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಈಗ ಆ ಅಕ್ಷರವೇ ಕೈ ಹಿಡೀತು. ನಿನ್ನ ಓದುವ ಯಂತ್ರನ ನನ್ನ ಫೋನಿಗೂ ಹಾಕಿಸಿಕೊಂಡು, ಮನೆ ಸಾಮಾನಿಗೆ ಅಂತ ಗೀಚಿದ್ದ ಚೀಟಿಯೊಂದನ್ನ ತೋರಿಸಿ ಪರೀಕ್ಷೆ ಮಾಡಿದೆ. ಚಿತ್ರದಲ್ಲಿ ಕೆಲವು ಇರುವೆಗಳಿವೆ ಅಂತ ಹೇಳಿತು. ಅದೂ ನನ್ನದೇ ಧ್ವನಿಯಲ್ಲಿ, ತುಂಬಾ ಪ್ರೀತಿಯಿಂದ.

ಹಾಗಾಗಿ ಇದನ್ನ ಓದೋಕೆ ಒಬ್ಬ ಮನುಷ್ಯರನ್ನೇ ಕಳಿಸಿದ್ದೀನಿ. ಅವರನ್ನ ಒಳ್ಳೆ ಕುರ್ಚಿ ಮೇಲೆ ಕೂರಿಸು, ಪುಸ್ತಕ ಪೇರಿಸಿಟ್ಟಿರೋ ಆ ಮೂರು ಕಾಲಿನ ಸ್ಟೂಲು ಬೇಡ. ಒಂದು ಲೋಟ ನೀರು ಕೊಡು. ಎರಡು ಪಟ್ಟು ವೇಗವಾಗಿ ಓದಿ ಅಂತ ಮಾತ್ರ ಹೇಳಬೇಡ. ಮನುಷ್ಯರಿಗೆ ಆ ಗುಂಡಿ ಇರೋದಿಲ್ಲ.

ಹೋದ ವಾರ ಫೋನಿನಲ್ಲಿ ನೀನು ಮಾತಾಡಿದ್ದು ನೆನಪಿದೆ ತಾನೇ? ಯಂತ್ರದ ಕಂಪನಿಯಿಂದ ನಿನಗೂ ಒಂದು ಸಂದೇಶ ಬಂದಿತ್ತು. ಈ ಧ್ವನಿಯ ಒಡತಿ ತಕರಾರು ಮಾಡಿದ್ದಾರೆ, ಅವರು ಒಪ್ಪಿಗೆ ಕೊಡದಿದ್ದರೆ ಧ್ವನಿಯನ್ನ ಅಳಿಸಿ ಹಾಕ್ತೀವಿ ಅಂತ. ಒಂದೇ ಒಂದು 'ಹೂಂ' ಅಂದುಬಿಡು, ನಿನ್ನ ಗಂಟೇನು ಹೋಗುತ್ತೆ ಅಂತ ಕೇಳಿದೆ ನೀನು. ಯೋಚನೆ ಮಾಡಬೇಕು ಅಂದೆ ನಾನು. ಅಷ್ಟಕ್ಕೇ ನಿನ್ನ ಪಿತ್ತ ನೆತ್ತಿಗೇರಿತು.

“ಮೂವತ್ತು ವರ್ಷ ಬೇರೆಯವರ ಪುರುಸೊತ್ತಿಗೆ ಕಾದು ಕಾದು ಬದುಕಿದ್ದೀನಿ ಕಣೇ. ಇನ್ನು ಕಾಯಲ್ಲ,” ಅಂದೆ ನೀನು. ಯಾಕೆ ತಕರಾರು ಮಾಡಿದೆ ಅಂತ ಹೇಳೋಕೆ ನಾನು ಬಾಯಿ ತೆರೆಯೋಷ್ಟರಲ್ಲಿ ನೀನು ಫೋನು ಇಟ್ಟುಬಿಟ್ಟೆ.

ಆ ಮಾತು ಮುಳ್ಳು ಮುರಿದ ಹಾಗೆ ಒಳಗೇ ಉಳಿದುಹೋಯಿತು. ಯಾಕೆ ಅಂದರೆ ಅದು ನಿಜ. ನಿಜಕ್ಕೆ ಏನಂತ ತಿರುಗಿ ಬೈಯ್ಯಲಿ? ಹಾಸ್ಟೆಲಿನಲ್ಲಿ ನಿನಗೆ ಬಂದ ಮೊದಲನೇ ಪ್ರೇಮಪತ್ರವನ್ನ ನಾನೇ ಓದಬೇಕಾಯಿತು. ಓದುವಾಗ ನಡುನಡುವೆ ನಕ್ಕೆ ಕೂಡ. ಪಾಪ, ಅವನು ಎದೆ ಬಿಚ್ಚಿ ಬರೆದಿದ್ದ, ನಿನಗೆ ಕೇಳಿಸಿದ್ದು ನನ್ನ ಕಿಸಿಕಿಸಿ. ನಿನ್ನ ರಕ್ತಪರೀಕ್ಷೆಯ ಫಲಿತಾಂಶ ನಿನಗಿಂತ ಮೊದಲು ನನಗೆ ಗೊತ್ತಾಗ್ತಿತ್ತು. ನಿನ್ನ ವಿದ್ಯಾರ್ಥಿಗಳು ಬರೆದ ಉತ್ತರಗಳನ್ನ ಓದಿ ಹೇಳೋಕೆ ಕಾಲೇಜಿನಲ್ಲಿ ಯಾರಾದರೂ ಸಿಗ್ತಾರಾ ಅಂತ ನೀನು ಕಾಯ್ತಾ ಕೂತಿರ್ತಿದ್ದೆ. ಈಗ ಮಾತ್ರೆಯ ಹಾಳೆಯನ್ನ ಫೋನಿಗೆ ತೋರಿಸಿ ನೀನೇ ತಿಳಿದುಕೊಳ್ತೀಯ. ಪುಸ್ತಕ ಅಂಗಡಿಗೆ ಬಂದ ದಿನವೇ ಓದಿ ಮುಗಿಸಿ, ಕಥೆಯ ಕೊನೆ ಹೇಳಿಬಿಟ್ಟು ನನ್ನ ಹೊಟ್ಟೆ ಉರಿಸ್ತೀಯ. ಇದೆಲ್ಲ ಸಣ್ಣ ವಿಷಯ ಅಂತ ಯಾರಾದರೂ ಹೇಳಿದರೆ ಅವರ ಜೊತೆ ಮೊದಲು ಜಗಳಕ್ಕೆ ನಿಲ್ಲೋಳು ನಾನೇ.

ಆದ್ದರಿಂದ ಯಂತ್ರದ ಮೇಲೆ ನನಗೆ ಸಿಟ್ಟು ಅಂದುಕೊಳ್ಳಬೇಡ. ಸಿಟ್ಟು ಎಲ್ಲಿದೆ ಅಂತ ಮುಂದೆ ಹೇಳ್ತೀನಿ.

ನಮ್ಮ ಕ್ಯಾಸೆಟ್ಟುಗಳ ಕಾಲ ನೆನಪು ಮಾಡಿಕೋ. ಪರೀಕ್ಷೆ ಹತ್ತಿರ ಬಂದಾಗ ನಾನು ಓದೋದು, ನೀನು ಗೋಡೆಗೆ ಒರಗಿ ಕೇಳೋದು. ಕಷ್ಟದ ಭಾಗ ಮುಗಿದ ಕೂಡಲೇ ನಾನು ನಿಲ್ಲಿಸಿ, ಸರಿ, ಮುಂದೆ ಹೋಗೋಣವಾ ಅಂತ ಕೇಳ್ತಿದ್ದೆ. ನೀನು ಹೂಂ ಅಂದರೆ ಮುಂದೆ, ಊಹೂಂ ಅಂದರೆ ಹಿಂದೆ, ಏನೂ ಅನ್ನದಿದ್ದರೆ ನಿದ್ದೆ ಹೋಗಿದ್ದೀಯ ಅಂತ ಒಂದು ಏಟು. ಆಮೇಲೆ ನಾವಿಬ್ಬರೂ ಬೇರೆ ಬೇರೆ ಊರಿಗೆ ಹೋದ ಮೇಲೂ ನಾನು ಕ್ಯಾಸೆಟ್ಟಿಗೆ ಓದಿ ಕಳಿಸ್ತಿದ್ದೆನಲ್ಲ, ಒಬ್ಬಳೇ ಕೂತು ಓದುವಾಗಲೂ ಬಾಯಿಗೆ ಅದೇ ಮಾತು ಬರ್ತಿತ್ತು. ಕೇಳಿ, ನಿನ್ನ ಉತ್ತರಕ್ಕೆ ಜಾಗ ಬಿಟ್ಟು, ಆಮೇಲೆ ಮುಂದಿನ ಸಾಲು. ಆ ಖಾಲಿ ಜಾಗದಲ್ಲಿ ನೀನು ಟೇಪ್ ರೆಕಾರ್ಡರಿಗೆ ಹೂಂ ಅಂತಿದ್ದೆಯಂತೆ. ನಿನ್ನ ತಂಗಿ ಹೇಳಿ ಹೇಳಿ ನಗ್ತಿದ್ದಳು.

ಆ ಕ್ಯಾಸೆಟ್ಟುಗಳ ಡಬ್ಬವನ್ನೇ ನೀನು ಯಂತ್ರದ ಕಂಪನಿಯವರ ಕೈಗೆ ಕೊಟ್ಟದ್ದು. ನಿಮಗೆ ಇಷ್ಟವಾದ ಧ್ವನಿ ತಂದು ಕೊಡಿ, ಯಂತ್ರ ಅದೇ ಧ್ವನಿಯಲ್ಲಿ ಜೀವನಪೂರ್ತಿ ಓದುತ್ತೆ ಅಂದರಂತೆ. ನಿನಗೆ ಇಷ್ಟವಾದ ಧ್ವನಿ ನನ್ನದು ಅಂತ ಗೊತ್ತಾದಾಗ ಹೆಮ್ಮೆಯಿಂದ ನನ್ನ ಕತ್ತು ಒಂದು ಗೇಣು ಉದ್ದ ಆಯಿತು, ಸುಳ್ಳು ಯಾಕೆ ಹೇಳಲಿ. ಹೋದ ಸಲ ನಿನ್ನ ಮನೆಗೆ ಬಂದಾಗ, ತಾಳು, ಒಂದು ತಮಾಷೆ ಕೇಳಿಸ್ತೀನಿ ಅಂತ ಗುಂಡಿ ಒತ್ತಿದೆಯಲ್ಲ. ನಾನು ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂತಿದ್ದೀನಿ, ಆ ಕಡೆ ನಾನೇ ದಿನಪತ್ರಿಕೆ ಓದ್ತಿದ್ದೀನಿ! ನನಗಿಂತ ಚೆನ್ನಾಗಿ ಓದುತ್ತೆ. ಕೆಮ್ಮಲ್ಲ, ತಡವರಿಸಲ್ಲ, ಪ್ರೇಮಪತ್ರಕ್ಕೆ ನಗಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇನ್ನು ನಿನಗೆ ನಾನು ಬೇಕಾಗಿಲ್ಲ ಅನ್ನಿಸಿತು. ಅದನ್ನ ನಿನಗೆ ಹೇಳಲಿಲ್ಲ, ಊಟ ಚೆನ್ನಾಗಿತ್ತು ಅಂತ ಹೇಳಿ ಬಂದೆ.

ಒಂದು ಮಾತ್ರ ಆವತ್ತೇ ಗಮನಿಸಿದೆ. ಅದು ಕೂಡ ಸುದ್ದಿಯ ನಡುವೆ, ಸರಿ, ಮುಂದೆ ಹೋಗೋಣವಾ ಅಂತು. ನಾನು ಹೇಳೋ ಹಾಗೇ, ಅದೇ ರಾಗದಲ್ಲಿ. ಆದರೆ ಕೇಳಿದ್ದೇ ತಡ, ಉತ್ತರಕ್ಕೆ ನಿಲ್ಲದೆ ಮುಂದೆ ಹೋಗಿಯೇಬಿಟ್ಟಿತು. ಕಾಯೋದೇ ಇಲ್ಲವಲ್ಲೇ ಇದು ಅಂದೆ ನಾನು. ಕಾದರೆ ಟೈಮ್ ವೇಸ್ಟು, ನಾನೇ ಆ ಖಾಲಿ ಜಾಗ ತೆಗೆಸಿದೆ ಅಂದೆ ನೀನು. ಇಬ್ಬರೂ ನಕ್ಕೆವು.

ಇನ್ನು ನಿನಗೆ ಗೊತ್ತಿಲ್ಲದ ಕಥೆ.

ನನ್ನ ಪಕ್ಕದ ಮನೆಯವಳನ್ನ ನೀನು ಕಂಡಿಲ್ಲ. ಅವಳ ಅಡುಗೆಮನೆಗೂ ನನ್ನದಕ್ಕೂ ಒಂದೇ ಗೋಡೆ. ಅವಳು ಒಗ್ಗರಣೆ ಹಾಕಿದರೆ ಸೀನೋದು ನಾನು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಮುಗಿದ ಅಂಗಿಗಳನ್ನ ತಿರುಗಿಸಿ ನೋಡಿ, ಹೊಲಿಗೆ ಬಿಟ್ಟಿದ್ದರೆ ಪಕ್ಕಕ್ಕೆ ಎತ್ತಿಡೋದು ಅವಳ ಕೆಲಸ. ಮನೆಯಲ್ಲಿ ಅತ್ತೆ, ಶಾಲೆಗೆ ಹೋಗೋ ಮಗಳು. ಮೂರು ಹೊಟ್ಟೆ ನಡೀತಿದ್ದದ್ದು ಅವಳೊಬ್ಬಳ ಸಂಬಳದಲ್ಲಿ. ನನ್ನನ್ನ ಅಕ್ಕಾ ಅಂತಾಳೆ. ಬಾಯಿಮಾತಿಗೆ ಅಲ್ಲ, ನನಗೆ ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟವಳು ಅವಳೇ.

ಹೊಲಿಗೆ ನೋಡೋಕೆ ಕಾರ್ಖಾನೆಯವರು ಕ್ಯಾಮೆರಾ ಹಾಕಿಸಿದರು. ಕ್ಯಾಮೆರಾ ನೋಡೋದಾದರೆ ಅವಳು ಯಾಕೆ ನೋಡಬೇಕು? ರಜೆಯ ದಿನ ಮಹಡಿ ಮೇಲೆ ಬಟ್ಟೆ ಒಣಗಿಸ್ತಿರುವಾಗ ಅವಳಿಗೆ ಫೋನ್ ಬಂತು. ಧ್ವನಿ ನನ್ನದು. ನಮಸ್ಕಾರ ಹೇಳಿ, ನಾಳೆಯಿಂದ ನೀವು ಕೆಲಸಕ್ಕೆ ಬರಬೇಕಾಗಿಲ್ಲ ಅಂತು. ಅವಳು ನಕ್ಕಳಂತೆ. ಅಕ್ಕಾ, ಬೆಳಿಗ್ಗೆ ಬೆಳಿಗ್ಗೆ ಏನು ನಿಮ್ಮ ಆಟ ಅಂತ ಕೇಳಿದಳಂತೆ. ಧ್ವನಿ ಅದಕ್ಕೆ ಕಿವಿಗೊಡದೆ, ಗುರುತಿನ ಚೀಟಿ ಎಲ್ಲಿ ಒಪ್ಪಿಸಬೇಕು, ಕತ್ತರಿ ಎಲ್ಲಿ ಕೊಡಬೇಕು ಅಂತ ವಿವರಿಸಿತು. ಅವಳು ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಳು. ಆಗ ಅದು ಮೆಲ್ಲಗೆ, ಅಕ್ಕರೆಯಿಂದ, ಸರಿ, ಮುಂದೆ ಹೋಗೋಣವಾ ಅಂತ ಕೇಳಿತು. ಕೇಳಿ, ಕಾಯದೆ, ಮುಂದಿನ ಸೂಚನೆಗೆ ಹೋಯಿತು.

ಕೇಳಿಸಿತಾ, ಕಿವಿರಾಣಿ? ನಿನ್ನ ಪರೀಕ್ಷೆಗೆ ಹುಟ್ಟಿದ ಮಾತು ಅದು.

ಅವಳು ನೇರ ನನ್ನ ಬಾಗಿಲಿಗೆ ಬಂದಳು. ನಾನು ತರಕಾರಿ ಹೆಚ್ಚುತ್ತಾ ಕೂತಿದ್ದೆ. “ಇಷ್ಟು ವರ್ಷ ಒಂದೇ ಗೋಡೆ ಹಂಚಿಕೊಂಡು ಬಾಳಿದ್ದೀವಿ. ಎದುರಿಗೆ ಬಂದು ಹೇಳೋಕಾಗಲಿಲ್ವಾ ಅಕ್ಕಾ?” ಅಂದಳು. ತಲೆಬುಡ ಅರ್ಥವಾಗದೆ ನಾನು ನಕ್ಕೆ. ಯಾವ ಗಳಿಗೆಯಲ್ಲಿ ನಕ್ಕೆನೋ, ಆ ನಗು ಅವಳಿಗೆ ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಸರಕ್ಕನೆ ತಿರುಗಿ ಹೋದವಳು ಆಮೇಲೆ ನನ್ನ ಮುಖ ನೋಡಲಿಲ್ಲ. ನನ್ನ ಬಟ್ಟೆ ಒಣಗುವ ಹಗ್ಗದಿಂದ ತನ್ನ ಬಟ್ಟೆ ತೆಗೆದು ಬೇರೆ ಹಗ್ಗ ಕಟ್ಟಿದಳು. ಮೆಟ್ಟಿಲಲ್ಲಿ ನನ್ನ ಮಾತು ಕೇಳಿಸಿದರೆ ಅವಳ ಅತ್ತೆ ಕಿಟಕಿ ಹಾಕಿಕೊಳ್ತಿದ್ದರು.

ಅದು ಅಲ್ಲಿಗೇ ನಿಲ್ಲಲಿಲ್ಲ. ನನ್ನ ಕೆಲಸ ನಿನಗೆ ಗೊತ್ತು. ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ ಕೂತು ರೋಗಿಗಳ ಹೆಸರು ಕೂಗೋದು. ಮೈಕಿನಲ್ಲಿ ನನ್ನ ಧ್ವನಿ ಹೋದ ಕೂಡಲೇ ಬೆಂಚಿನ ಮೇಲೆ ಕೂತಿದ್ದ ಒಬ್ಬರು ತಲೆ ಎತ್ತಿ ನನ್ನನ್ನೇ ದುರುಗುಟ್ಟಿ ನೋಡಿದರು. ಕೈಗೆ ಬ್ಯಾಂಡೇಜು. ಅವರ ಸರದಿ ಬಂದಾಗ ಕಿಟಕಿಯ ಹತ್ತಿರ ಬಂದು, ಆವತ್ತು ಫೋನಿನಲ್ಲಿ ಕಾರ್ಖಾನೆ ಕೆಲಸಕ್ಕೆ ಬರಬೇಡಿ ಅಂತ ಹೇಳಿದ್ದು ನೀವೇ ಅಲ್ವಾ ಅಂತ ಕೇಳಿದರು. ಅಲ್ಲ ಅಂದೆ. ಅಲ್ಲ ಅಂತ ಹೇಳಿದ್ದೂ ಅದೇ ಧ್ವನಿಯಲ್ಲಿ ತಾನೇ, ಅವರು ಯಾಕೆ ನಂಬಬೇಕು? ಪಕ್ಕದ ಕಿಟಕಿಯ ಉದ್ದನೆಯ ಸಾಲಿಗೆ ಹೋಗಿ ಕಟ್ಟಕಡೆಯಲ್ಲಿ ನಿಂತುಕೊಂಡರು. ನೋವಿರೋ ಕೈ ಇಟ್ಟುಕೊಂಡು.

ಪಕ್ಕದ ಮನೆಯವಳ ಸಿಟ್ಟು ಯಾಕೆ ಅಂತ ಆಗ ಹೊಳೀತು. ಆವತ್ತು ಕೆಲಸ ಮುಗಿಸಿ ಅವಳ ಕಾರ್ಖಾನೆಗೆ ಹೋದೆ. ಗೇಟಿನವನ ಜೊತೆ ಜಗಳ, ಆಫೀಸಿನವನ ಜೊತೆ ಜಗಳ. ಕೊನೆಗೆ ಆಫೀಸಿನವನು, ನಾವೇನು ಮಾಡೋಣ ಮೇಡಂ, ಧ್ವನಿಗಳ ಪಟ್ಟಿಯಲ್ಲಿ ಇತ್ತು, ಆರಿಸಿಕೊಂಡೆವು ಅಂತ ಕಂಪ್ಯೂಟರ್ ತಿರುಗಿಸಿ ತೋರಿಸಿದ. ನಿನ್ನ ಓದುವ ಯಂತ್ರದ ಕಂಪನಿಯದೇ ಪಟ್ಟಿ ಅದು. ನನ್ನ ಧ್ವನಿಗೆ ಅವರು ಇಟ್ಟ ಹೆಸರು 'ಆಪ್ತೆ'. ಕೆಳಗೆ ವಿವರ ಬೇರೆ. ಕಹಿ ಸುದ್ದಿ ತಿಳಿಸಲು ಸೂಕ್ತ, ಕೇಳಿದವರು ಕಿರುಚಾಡುವುದಿಲ್ಲ ಅಂತ.

ಕೇಳಿದವರು ಕಿರುಚಾಡುವುದಿಲ್ಲ! ನೀನು ಪಾಠ ಅರ್ಥವಾಗದೆ ಅಳ್ತಿದ್ದಾಗ ಸಮಾಧಾನ ಮಾಡಿ ಮಾಡಿ ಹದವಾದ ಧ್ವನಿ ಕಣೇ ಅದು. ಅದನ್ನ ತಗೊಂಡು ಹೋಗಿ, ಜನರ ಅನ್ನ ಕಿತ್ತುಕೊಳ್ಳುವಾಗ ಸದ್ದಾಗದ ಹಾಗೆ ಸುತ್ತೋ ಬಟ್ಟೆ ಮಾಡಿಕೊಂಡಿದ್ದಾರೆ. ಕೆಲಸದಿಂದ ತೆಗೆಯೋ ಅಷ್ಟು ಧೈರ್ಯ ಇರೋ ಯಜಮಾನನಿಗೆ ಅದನ್ನ ತನ್ನ ಬಾಯಿಂದ ಹೇಳೋ ಧೈರ್ಯ ಇಲ್ಲವಾ? ಅವನಿಗೆ ನಾಲಿಗೆ ಇಲ್ಲವಾ? ಅವಳು ಅವನ ಮುಖ ನೋಡಿ ಒಂದು ಮಾತು ಬೈದಿದ್ದರೆ ಅವನ ಗಂಟೇನು ಹೋಗ್ತಿತ್ತು? ಬೈಸಿಕೊಳ್ಳೋಕೆ ನಾನು ಬೇಕಾದೆ.

ಮನೆಗೆ ಬಂದವಳೇ ಪಕ್ಕದ ಮನೆ ಬಾಗಿಲು ತಟ್ಟಿ, ಅವಳು ಬೇಡ ಬೇಡ ಅಂದರೂ ಕೈ ಹಿಡಿದು ಎಳಕೊಂಡು ಬಂದು ನನ್ನ ಮಂಚದ ಮೇಲೆ ಕೂರಿಸಿದೆ. ಯಂತ್ರದ ಕಂಪನಿಗೆ ಫೋನ್ ಮಾಡಿ, ಅವಳಿಗೂ ಕೇಳಿಸೋ ಹಾಗೆ ಸ್ಪೀಕರ್ ಹಾಕಿದೆ. ಎತ್ತಿದ್ದು ಯಾರು ಅಂತೀಯ? ನಾನೇ. ನಿಮಗೆ ಹೇಗೆ ಸಹಾಯ ಮಾಡಲಿ ಅಂತ ನನ್ನನ್ನೇ ಕೇಳಿದೆ ನಾನು. ನನ್ನ ಧ್ವನಿ ವಾಪಸ್ ಕೊಡಿ ಅಂದೆ. ನಿಮ್ಮ ಅಸಮಾಧಾನ ನಮಗೆ ಅರ್ಥವಾಗುತ್ತದೆ ಅಂತು. ಏನು ಅರ್ಥವಾಗುತ್ತೆ ನಿನಗೆ ಅಂತ ಬಾಯಿಗೆ ಬಂದ ಹಾಗೆ ಬೈದೆ. ಅದು ಎಳ್ಳಷ್ಟೂ ಬೇಜಾರು ಮಾಡಿಕೊಳ್ಳದೆ, ಸರಿ, ಮುಂದೆ ಹೋಗೋಣವಾ ಅಂತು. ಜೀವನದಲ್ಲಿ ಮೊದಲನೇ ಸಲ ನನ್ನ ಜೊತೆ ನಾನೇ ಜಗಳ ಆಡಿದೆ. ಸೋತೆ.

ಪಕ್ಕದ ಮನೆಯವಳು ನನ್ನ ಬಾಯಿ ನೋಡೋದು, ಫೋನ್ ನೋಡೋದು. ಮುಚ್ಚಿದ ನನ್ನ ಬಾಯಿ ನೋಡಿದ ಮೇಲೆ ಅವಳಿಗೆ ನಂಬಿಕೆ ಬಂತು. ಅಕ್ಕಾ, ನಿಮ್ಮ ಧ್ವನಿ ನಿಮ್ಮ ಮಾತನ್ನೇ ಕೇಳ್ತಿಲ್ಲವಲ್ಲ ಅಂತ ನಕ್ಕಳು. ನಗ್ತಾ ನಗ್ತಾ ಸೆರಗು ಬಾಯಿಗೆ ಇಟ್ಟುಕೊಂಡು ಅಳೋಕೆ ಶುರುಮಾಡಿದಳು. ನಾನೂ ಅತ್ತುಬಿಟ್ಟೆ. ಯಂತ್ರ ಮಾತ್ರ ನಮ್ಮ ಕರೆ ಅವರಿಗೆ ಎಷ್ಟು ಅಮೂಲ್ಯ ಅಂತ ಹೇಳ್ತಾನೇ ಇತ್ತು.

ಕಾಗದದ ಮೇಲೆ ಕಾಗದ ಬರೆದ ಮೇಲೆ ಕೊನೆಗೂ ಅಲ್ಲಿಂದ ಒಬ್ಬ ಮನುಷ್ಯ ಉತ್ತರ ಬರೆದ. ಒಪ್ಪಿಗೆ ಕೊಟ್ಟರೆ ಧ್ವನಿ ಎಲ್ಲ ಕಡೆ ಇರುತ್ತೆ, ಕೊಡದಿದ್ದರೆ ಎಲ್ಲ ಕಡೆಯಿಂದ ಹೋಗುತ್ತೆ. ನಾನು ನಿನ್ನನ್ನ ನೆನೆಸಿಕೊಂಡು ಇನ್ನೊಂದು ಸಲ ಬರೆದೆ. ನನ್ನ ಗೆಳತಿಗೆ ಓದಲಿ, ಅವಳ ಹಾಗೆ ಕಣ್ಣಿಲ್ಲದವರಿಗೆ ಎಷ್ಟು ಬೇಕಾದರೂ ಓದಲಿ, ಒಂದು ಬಿಡಿಗಾಸೂ ಬೇಡ. ಜನರನ್ನ ಕೆಲಸದಿಂದ ತೆಗೆಯೋಕೆ ಮಾತ್ರ ಬೇಡ ಅಂತ. ಅಂಥ ಸೌಲಭ್ಯ ಸದ್ಯಕ್ಕಿಲ್ಲ, ಮುಂದೆ ಪರಿಶೀಲಿಸಬಹುದು ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ. ನನ್ನ ಮಾತಿನಿಂದ ಕೆಮ್ಮು ಆರಿಸಿ ತೆಗೆಯೋಕೆ ಬರುತ್ತೆ ಇವರಿಗೆ, ಒಂದು ಕಾರ್ಖಾನೆನ ತೆಗೆಯೋಕೆ ಬರಲ್ವಂತೆ.

ಇದೇ ಕಣೇ ನನ್ನ ಸಿಟ್ಟು. ನಿನ್ನ ಓದಿಗೂ ಅವಳ ಅನ್ನಕ್ಕೂ ಗಂಟು ಹಾಕಿದವರು ಅವರು. ಹಾಕಿ, ಈಗ ನೀವು ನೀವೇ ಕಿತ್ತಾಡಿಕೊಳ್ಳಿ ಅಂತ ಪಕ್ಕಕ್ಕೆ ನಿಂತಿದ್ದಾರೆ. ನಾವೂ ಎಂಥ ಬುದ್ಧಿವಂತರು ನೋಡು, ಹಾಗೇ ಕಿತ್ತಾಡಿಕೊಂಡೆವು.

ಧ್ವನಿ ಅಳಿಸಿದರೆ ಅವಳ ಕೆಲಸ ವಾಪಸ್ ಬರುತ್ತಾ ಅಂತ ನೀನು ಕೇಳ್ತೀಯ. ಬರಲ್ಲ. ನಾಳೆ ಇನ್ಯಾವಳದೋ ಧ್ವನಿಯಲ್ಲಿ ಇನ್ನೊಬ್ಬರಿಗೆ ಫೋನ್ ಹೋಗುತ್ತೆ. ಅದು ನನಗೂ ಗೊತ್ತು. ಆದರೆ ಕಳ್ಳತನ ನಿಲ್ಲಲ್ಲ ಅಂತ ಯಾರಾದರೂ ಕಳ್ಳನಿಗೆ ತಮ್ಮ ಮನೆ ಏಣಿ ಕೊಟ್ಟು ಕಳಿಸ್ತಾರಾ?

ಬೇಡ ಅಂತ ಬರೆದು ಕಳಿಸಿದೆ. ಈ ಕಾಗದ ನಿನಗೆ ಓದಿ ಹೇಳೋ ಹೊತ್ತಿಗೆ ನಿನ್ನ ಯಂತ್ರದಿಂದ ನಾನು ಹೋಗಿರ್ತೀನಿ. ನೀನೇ ಗುಂಡಿ ಒತ್ತಿ ನೋಡಿಕೋ.

ಯಂತ್ರನ ಎಸೀಬೇಡ. ನಿನ್ನ ಮಾತ್ರೆ, ನಿನ್ನ ಪುಸ್ತಕ, ನಿನಗೆ ಇನ್ನೂ ಬರಬಹುದಾದ ಪ್ರೇಮಪತ್ರ, ಯಾವುದಕ್ಕೂ ನೀನು ಯಾರಿಗೂ ಕಾಯಬೇಕಾಗಿಲ್ಲ. ಅದರಲ್ಲಿ ಬೇರೆ ಧ್ವನಿಗಳಿವೆ, ಒಂದನ್ನ ಆರಿಸಿಕೋ. ಆರಿಸುವಾಗ ಒಂದು ನೆನಪಿರಲಿ. ಅದೂ ಯಾರೋ ಒಬ್ಬಳು ಯಾರಿಗೋ ಓದಿ ಹೇಳ್ತಿದ್ದ ಧ್ವನಿಯೇ ಇರಬೇಕು. ಅವಳನ್ನ ಕೇಳಿದರೋ ಇಲ್ಲವೋ, ಅವಳ ಪಕ್ಕದ ಮನೆಯಲ್ಲಿ ಯಾರಿದ್ದಾರೋ.

ಕೊನೆಗೆ ನಿನ್ನ ಪಾಲು. ಕ್ಯಾಸೆಟ್ಟು ಕೊಡುವಾಗ, ಧ್ವನಿಯ ಒಡತಿಯ ಒಪ್ಪಿಗೆ ಇದೆಯಾ ಅನ್ನೋ ಜಾಗದಲ್ಲಿ ಇದೆ ಅಂತ ಒತ್ತಿದವಳು ನೀನು. ನೀನು ಕೇಳಿದ್ದರೆ ನಾನು ಹೂಂ ಅಂತಿದ್ದೆ ಕಣೇ. ಕುಣಿದಾಡಿಕೊಂಡು ಹೂಂ ಅಂತಿದ್ದೆ. ಹೊಟ್ಟೆ ಉರಿಸೋದು ಅದೇ. ಪ್ರತಿ ಪುಟಕ್ಕೂ ನಿನ್ನನ್ನ ಕೇಳಿ, ನಿನ್ನ ಉತ್ತರಕ್ಕೆ ಜಾಗ ಬಿಟ್ಟು ಓದಿದವಳು ನಾನು. ನನ್ನನ್ನ ಕೇಳೋಕೆ ಒಂದು ಫೋನು ಸಾಕಾಗಿತ್ತು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನೀನು ಅನ್ನಬಹುದು. ಅನ್ನು. ಆದರೆ ಕೊತ್ತಿಯೂ ಹಾಲು ಚೆಲ್ಲಿದೆ.

ನಿನ್ನ ಮೇಲೆ ಬೆಟ್ಟದಷ್ಟು ಸಿಟ್ಟಿರೋ, ಆದರೂ ನಿನ್ನನ್ನ ಬಿಟ್ಟರೆ ಬೇರೆ ಗತಿ ಇಲ್ಲದ,

ನಿನ್ನ ಬಾಯಿಬಡುಕಿ

ತಾಜಾಕಲಂ: ಇಷ್ಟು ಹೊತ್ತು ಇದನ್ನ ಓದಿದವಳು ಪಕ್ಕದ ಮನೆಯವಳೇ. ನನ್ನ ಕಾಗೆ ಕಾಲು ಗುಬ್ಬಿ ಕಾಲು ಅರ್ಥವಾಗಲಿ ಅಂತ ನನ್ನ ಮುಂದೆ ಕೂತು ಅಭ್ಯಾಸ ಮಾಡಿ ಬಂದಿದ್ದಾಳೆ. ಅವಳ ವಿಷಯ ಬರೆದಿರೋ ಕಡೆ ಹೊಡೆದುಹಾಕಲಾ ಅಂತ ಅವಳನ್ನ ಕೇಳಿದೆ. ಬೇಡ ಅಕ್ಕಾ, ನನ್ನ ವಿಷಯ ನಾನೇ ನನ್ನ ಬಾಯಲ್ಲಿ ಹೇಳ್ತೀನಿ ಅಂದಳು. ಅವಳಿಗೆ ನಿನ್ನಿಂದ ಏನೂ ಬೇಕಾಗಿಲ್ಲ. ಮುಂದೆ ಹೋಗೋಣವಾ ಅಂತ ನೀವು ಮೊದಲು ಯಾರನ್ನ ಕೇಳ್ತಿದ್ದಿರೋ, ಅವರನ್ನ ಒಂದು ಸಲ ನೋಡಬೇಕು ಅಕ್ಕಾ ಅಂತ ಬಂದಿದ್ದಾಳೆ. ಕಾಗದ ಮಡಿಸಿದ ಮೇಲೆ ಅವಳೂ ನಿನ್ನನ್ನ ಅದನ್ನೇ ಕೇಳ್ತಾಳೆ. ಎಷ್ಟು ಹೊತ್ತಾದರೂ ಸರಿ, ನೀನು ಏನಾದರೂ ಹೇಳೋವರೆಗೂ ಕಾದು ಕೂರು ಅಂತ ಹೇಳಿ ಕಳಿಸಿದ್ದೀನಿ.